ಮುರಿದ ಕಾಲುಗಳು ಬರೆದ ಇತಿಹಾಸ

ಜನವರಿ ಬಂತೆಂದರೆ ದೆಹಲಿಯ ನಮ್ಮ ಕನ್ನಡ ಬಳಗದಲ್ಲಿ ಯಾರಾದರೊಬ್ಬರು ಗುಲ್ಮರ್ಗಿಗೋ ಔಲಿಗೋ ಹೊರಟಿರುತ್ತಾರೆ. ಒಂದು ಕಾಲಕ್ಕೆ ಹಿಮದಲ್ಲಿ ಫೋಟೋ ತೆಗೆಸಿಕೊಂಡು, ಬಿಸಿ ಮ್ಯಾಗಿ ತಿಂದು ವಾಪಸಾಗುತ್ತಿದ್ದವರ ಮಕ್ಕಳು ಈಗ ಸ್ಕೀ ಕಲಿಯುತ್ತೇವೆ ಅನ್ನುತ್ತಿದ್ದಾರೆ. ಹೊರಡುವ ಮುಂಚೆ ಕೇಳುವ ಪ್ರಶ್ನೆ ಮಾತ್ರ ಒಂದೇ: "ಯಾವ ಕಂಪನಿ ಸ್ಕೀ ಒಳ್ಳೇದು?"

ಸ್ಕೀ ಅಂದರೆ ಬರೀ ಹಲಗೆ ಅಲ್ಲವಲ್ಲ. ಕಾಲಿಗೆ ಹಾಕುವ ಬೂಟು, ಕೆಳಗಿನ ಹಲಗೆ, ಅವೆರಡನ್ನು ಹಿಡಿದಿಡುವ ಬೈಂಡಿಂಗ್ ಎಂಬ ಕೊಂಡಿ, ಈ ಮೂರೂ ಸೇರಿದರೇ ಅದು ಒಂದು ಸಾಮಾನು. ಈ ಮೂರರಲ್ಲಿ ಯಾವುದಕ್ಕೆ ಮೊದಲು ತಲೆ ಕೆಡಿಸಿಕೊಳ್ಳಬೇಕು ಅನ್ನುವುದು ಹುಟ್ಟುತ್ತಲೇ ಹಿಮ ಕಂಡ ಜನಕ್ಕೂ ನೂರು ವರ್ಷ ಗೊತ್ತಾಗಲಿಲ್ಲ. ಗೊತ್ತಾಗಿದ್ದು ಕಾಲುಗಳು ಮುರಿದ ಮೇಲೆ. ಮೊದಲು ಕಣಕಾಲು ಮುರಿಯುತ್ತಿತ್ತು. ಅದಕ್ಕೆ ಮದ್ದು ಹುಡುಕಿದರು, ಮುರಿತ ಮೀನಖಂಡದ ಎತ್ತರಕ್ಕೆ ಏರಿತು. ಅದಕ್ಕೂ ಮದ್ದು ಹುಡುಕಿದರು, ಪೆಟ್ಟು ಮಂಡಿಗೆ ಹೋಗಿ ಕೂತಿತು. ಗೆದ್ದವರ ಪಟ್ಟಿಗಿಂತ ಈ ಏರುಹಾದಿಯ ಕತೆಯೇ ನನಗೆ ಹೆಚ್ಚು ಸ್ವಾರಸ್ಯಕರ ಅನ್ನಿಸುತ್ತದೆ.

ತೀರಾ ಹಿಂದೆ ಈ ತಾಪತ್ರಯವೇ ಇರಲಿಲ್ಲ. ಸಾವಿರಾರು ವರ್ಷ ಉತ್ತರ ಯುರೋಪಿನ ಜನ ಸ್ಕೀಯನ್ನು ಬಳಸಿದ್ದು ಹಿಮದ ಮೇಲೆ ಓಡಾಡುವುದಕ್ಕೆ. ಬೆರಳುಗಳ ಮೇಲೆ ಒಂದು ಪಟ್ಟಿ, ಅಷ್ಟೆ. ಹೆಚ್ಚುಕಡಿಮೆ ನಮ್ಮ ಹವಾಯಿ ಚಪ್ಪಲಿಯ ಹಾಗೆ. ಬಿದ್ದರೆ ಕಾಲು ತಾನೇ ಕಳಚಿಕೊಳ್ಳುತ್ತಿತ್ತು. ಆದರೆ ಚಪ್ಪಲಿ ಹಾಕಿಕೊಂಡು ಇಳಿಜಾರಿನಲ್ಲಿ ಓಡಿ ನೋಡಿ, ಎಷ್ಟು ಹಿಡಿತ ಸಿಗುತ್ತದೆ ಅಂತ!

ಆ ಹಿಡಿತವನ್ನು ಕೊಟ್ಟವನು ನಾರ್ವೆಯ ಟೆಲಿಮಾರ್ಕ್ ಸೀಮೆಯ ಮೋರ್ಗೆದಾಲ್ ಎಂಬ ಹಳ್ಳಿಯ ಸೋಂದ್ರೆ ನೂರ್‌ಹೈಮ್. 1825ರಲ್ಲಿ ಹುಟ್ಟಿದ ಬಡ ರೈತ. ಎಳೆ ಕೊಂಬೆ ಬೇರುಗಳನ್ನು ಹುರಿಮಾಡಿ ಹಿಮ್ಮಡಿಯ ಸುತ್ತ ಬಿಗಿದ. ಹಲಗೆಯ ನಡುವನ್ನು ಸ್ವಲ್ಪ ಕೆತ್ತಿ ಸೊಂಟದ ಹಾಗೆ ಮಾಡಿದ. ಈಗ ಕಾಲು ತಿರುಗಿದರೆ ಹಲಗೆಯೂ ತಿರುಗುತ್ತಿತ್ತು. 1868ರಲ್ಲಿ ಕ್ರಿಸ್ಟಿಯಾನಿಯಾಗೆ, ಅಂದರೆ ಇವತ್ತಿನ ಓಸ್ಲೋಗೆ ಬಂದು, ನಲವತ್ತು ದಾಟಿದ ವಯಸ್ಸಿನಲ್ಲಿ ಪಟ್ಟಣದ ಹುಡುಗರನ್ನೆಲ್ಲ ಸೋಲಿಸಿದ. 1884ರಲ್ಲಿ ಹೊಟ್ಟೆಪಾಡಿಗೆ ಅಮೆರಿಕಕ್ಕೆ ಹೋದವನು ಕೊನೆಗೆ ನೆಲೆನಿಂತು ತೀರಿಕೊಂಡದ್ದು ಉತ್ತರ ಡಕೋಟಾದ ಬಯಲುಸೀಮೆಯಲ್ಲಿ.

ಆಲ್ಪ್ಸ್ ಪರ್ವತದ ಕಡಿದಾದ ಇಳಿಜಾರಿಗೆ ಇದು ಸಾಲದಾಯಿತು. ಆಸ್ಟ್ರಿಯಾದ ಲಿಲಿಯೆನ್‌ಫೆಲ್ಡಿನಲ್ಲಿ ಮಥಿಯಾಸ್ ಝ್ಡಾರ್ಸ್ಕಿ ಎಂಬಾತ 1890ರ ದಶಕದಲ್ಲಿ ಹಲಗೆಯ ಉದ್ದ ಕಡಿಮೆ ಮಾಡಿ, ಕಬ್ಬಿಣದ ಬೈಂಡಿಂಗ್ ಮಾಡಿ, ಅದರ ಮೇಲೆ ಪುಸ್ತಕವನ್ನೂ ಬರೆದ. ಸಲಕರಣೆಯನ್ನು ಜಾಗಕ್ಕೆ ತಕ್ಕಂತೆ ಆರಿಸಿಕೊಳ್ಳಬೇಕು, ನಾರ್ವೆಯಲ್ಲಿ ಸರಿಹೋದದ್ದು ಇಲ್ಲಿ ಸರಿಹೋಗಬೇಕಿಲ್ಲ ಅಂತ ವಾದ ಮಾಡಿದವರಲ್ಲಿ ಈತ ಮುಖ್ಯ. ನಾರ್ವೆಯವರ ಜೊತೆ ಜಗಳವೂ ಆಯಿತು. ಮೊದಲ ಮಹಾಯುದ್ಧದ ವೇಳೆ, 1916ರಲ್ಲಿ ಹಿಮಕುಸಿತಕ್ಕೆ ಸಿಕ್ಕು ಮೈಯಲ್ಲಿ ಎಂಬತ್ತು ಕಡೆ ಮೂಳೆ ಮುರಿದು, ಕೀಲು ತಪ್ಪಿ ಬದುಕುಳಿದ ಆಸಾಮಿ ಈತ. ಆಮೇಲೂ ಸ್ಕೀ ಬಿಡಲಿಲ್ಲ.

ಇಲ್ಲಿ ನಮ್ಮ ಕಡೆಯ ಎರಡು ಹೆಸರುಗಳು ನುಸುಳುತ್ತವೆ. ಸ್ಲಾಲಮ್ ಓಟಕ್ಕೆ ಇಂದಿನ ರೂಪ ಕೊಟ್ಟ ಆರ್ನಲ್ಡ್ ಲುನ್ ಎಂಬ ಇಂಗ್ಲಿಷ್‌ನವನು ಹುಟ್ಟಿದ್ದು 1888ರಲ್ಲಿ, ನಮ್ಮ ಮದರಾಸಿನಲ್ಲಿ! ತಂದೆ ಅಲ್ಲಿ ಮಿಷನರಿ. 1909ರಲ್ಲಿ ವೇಲ್ಸ್‌ನಲ್ಲಿ ಬಂಡೆ ಹತ್ತುವಾಗ ಬಿದ್ದು ಲುನ್‌ನ ಒಂದು ಕಾಲು ನುಚ್ಚುನೂರಾಗಿ ಗಿಡ್ಡವಾಯಿತು. ಆ ಗಿಡ್ಡ ಕಾಲಿನಲ್ಲೇ ಜೀವನವಿಡೀ ಸ್ಕೀ ಮಾಡಿದ. ಲುನ್ 1911ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಏರ್ಪಡಿಸಿದ ಇಳಿಜಾರು ಪಂದ್ಯದ ಕಪ್ಪಿಗೆ ಕಾಂದಹಾರದ ಲಾರ್ಡ್ ರಾಬರ್ಟ್ಸ್ ಹೆಸರು. ಭಾರತದ ಸೇನಾಪತಿಯಾಗಿದ್ದನಲ್ಲ, ಅವನೇ. ಹಾಗಾಗಿ ಕಾಂದಹಾರ್ ಎಂಬ ಹೆಸರು ಸ್ವಿಸ್ ಹಿಮಕ್ಕೆ ಅಂಟಿಕೊಂಡಿತು. ಮೊದಲು ಕಪ್ಪಿಗೆ, ಆಮೇಲೆ ಕ್ಲಬ್ಬಿಗೆ, ಕೊನೆಗೆ ಒಂದು ಬೈಂಡಿಂಗಿಗೆ.

ಗೀಡೋ ರೂಜ್ ಎಂಬ ಸ್ವಿಸ್ ಎಂಜಿನಿಯರ್ 1930ರ ಆಸುಪಾಸಿನಲ್ಲಿ ಮಾಡಿದ ಈ ಕಾಂದಹಾರ್ ಬೈಂಡಿಂಗಿನಲ್ಲಿ ಸ್ಪ್ರಿಂಗ್ ಇರುವ ಉಕ್ಕಿನ ಹಗ್ಗ ಹಿಮ್ಮಡಿಯನ್ನು ಸುತ್ತಿ ಬೂಟನ್ನು ಹಲಗೆಗೆ ಒತ್ತಿ ಹಿಡಿಯುತ್ತಿತ್ತು. ಅದಕ್ಕೆ ಸ್ವಲ್ಪ ಮೊದಲು, 1926ರಲ್ಲಿ, ಸಾಲ್ಝ್‌ಬರ್ಗಿನ ರುಡಾಲ್ಫ್ ಲೆಟ್ನರ್ ಎಂಬ ಲೆಕ್ಕಿಗ ಹಲಗೆಯ ಅಂಚಿಗೆ ಉಕ್ಕಿನ ಪಟ್ಟಿ ಹೊಡೆದು ಪೇಟೆಂಟ್ ಮಾಡಿಸಿದ್ದ. ಎರಡೂ ಸೇರಿದಾಗ ಹಿಡಿತವೋ ಹಿಡಿತ. ಮಂಜುಗಡ್ಡೆಯ ಮೇಲೂ ಹಲಗೆ ಕಚ್ಚಿ ನಿಲ್ಲುತ್ತಿತ್ತು. ಬಿದ್ದಾಗಲೂ ಕಚ್ಚಿಯೇ ನಿಲ್ಲುತ್ತಿತ್ತು ಅನ್ನುವುದೇ ತೊಂದರೆ. ದೇಹ ಒಂದು ಕಡೆ ಹೋಗುತ್ತದೆ, ಆರೂವರೆ ಅಡಿ ಉದ್ದದ ಹಲಗೆ ಇನ್ನೊಂದು ಕಡೆ ತಿರುಚುತ್ತದೆ, ಮಧ್ಯೆ ಗಿಡ್ಡನೆಯ ತೊಗಲು ಬೂಟಿನೊಳಗಿನ ಕಣಕಾಲು. ಚಪ್ಪಲಿ ಪಟ್ಟಿಯ ಕಾಲದಲ್ಲಿ ಪುಕ್ಕಟೆಯಾಗಿ ಸಿಗುತ್ತಿದ್ದ "ಕಳಚಿಕೊಳ್ಳುವ" ಗುಣ ಹೋಗಿಯೇ ಬಿಟ್ಟಿತು. ಮುಂದಿನ ಐವತ್ತು ವರ್ಷ ಅದನ್ನೇ ವಾಪಸು ತರಲು ಒದ್ದಾಡಿದರು ಅಂದರೂ ನಡೆದೀತು.

ಮೊದಲು ಒದ್ದಾಡಿದವರಲ್ಲಿ ಒಬ್ಬ ಹ್ಯಾಲ್ಮರ್ ಹ್ವಾಮ್. ನಾರ್ವೆಯಿಂದ ಅಮೆರಿಕದ ಪೋರ್ಟ್‌ಲೆಂಡಿಗೆ ಬಂದು ನೆಲೆಸಿದವನು, ಒಳ್ಳೆಯ ಓಟಗಾರ. 1937ರಲ್ಲಿ ಪಂದ್ಯ ಗೆದ್ದ ಮೇಲೆ ಸುಮ್ಮನಿರದೆ ಒಂದು ನೆಗೆತ ನೆಗೆದು ಕಾಲು ಮುರಿದುಕೊಂಡ. ಆಪರೇಷನ್ನಿಗೆ ಕೊಟ್ಟ ಈಥರಿನ ಅಮಲು ಇಳಿಯುತ್ತಿರುವಾಗಲೇ ನರ್ಸ್ ಹತ್ತಿರ ಪೆನ್ಸಿಲು ಕಾಗದ ಕೇಳಿ ಕಳಚಿಕೊಳ್ಳುವ ಬೈಂಡಿಂಗಿನ ಚಿತ್ರ ಬರೆದ ಅಂತ ಕತೆ. ಸ್ವಲ್ಪ ಉಪ್ಪುಖಾರ ಸೇರಿರಬಹುದು, ಆದರೆ ಬೈಂಡಿಂಗ್ ಮಾಡಿ ಮಾರಿದ್ದು ನಿಜ. ಯುದ್ಧ ಮುಗಿದ ಮೇಲೆ ಫ್ರಾನ್ಸಿನಲ್ಲಿ ಜೀನ್ ಬೆಯ್ಲ್, ಜರ್ಮನಿಯಲ್ಲಿ ಹಾನೆಸ್ ಮಾರ್ಕರ್ ಇದನ್ನು ಮುಂದುವರಿಸಿದರು. ಆದರೆ ರೇಸಿನವರಿಗೆ ನಂಬಿಕೆ ಬರಲಿಲ್ಲ. ಸಡಿಲ ಇಟ್ಟರೆ ತಿರುವಿನಲ್ಲೇ ಕಳಚಿ ಮರಕ್ಕೆ ಬಡಿಯುವುದು, ಬಿಗಿ ಇಟ್ಟರೆ ಕಾಲು ಮುರಿಯುವುದು. ಇತ್ತ ದರಿ, ಅತ್ತ ಪುಲಿ. ಎಷ್ಟು ಬಿಗಿ ಎಂದು ಹೇಳಲು ಅಳತೆಯೇ ಇರಲಿಲ್ಲ, ಒಂದೊಂದು ಕಂಪನಿಗೆ ಒಂದೊಂದು ಅಂಕಿ.

ಜನರ ಗಮನವೂ ಬೇರೆ ಕಡೆ ಹರಿದಿತ್ತು. ಅದಕ್ಕೆ ಕಾರಣ ಹೊವರ್ಡ್ ಹೆಡ್.

ಹೆಡ್ ಬಾಲ್ಟಿಮೋರಿನ ಗ್ಲೆನ್ ಮಾರ್ಟಿನ್ ವಿಮಾನ ಕಾರ್ಖಾನೆಯಲ್ಲಿ ಎಂಜಿನಿಯರ್ ಆಗಿದ್ದವನು. 1947ರಲ್ಲಿ ವರ್ಮಾಂಟ್‌ನ ಸ್ಟೋ ಎಂಬಲ್ಲಿ ಮೊದಲ ಸಲ ಸ್ಕೀ ಮಾಡಲು ಹೋಗಿ ಬಿದ್ದು ಎದ್ದು ಬಂದ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಈತ ಹಲಗೆ ಡೊಂಕು ಅಂದ. ಹೆಡ್‌ನ ವಿಷಯದಲ್ಲಿ ಗಾದೆ ಸುಳ್ಳಾಯಿತು, ಹಲಗೆ ನಿಜಕ್ಕೂ ಡೊಂಕಿತ್ತು! ಹಿಕರಿ ಮರದ ಆ ಹಲಗೆಗಳು ನೀರು ಕುಡಿದು ಸೊಟ್ಟಗಾಗುತ್ತಿದ್ದವು, ಒಂದರಂತೆ ಇನ್ನೊಂದು ಇರುತ್ತಿರಲಿಲ್ಲ. ವಿಮಾನಕ್ಕೆ ಮಾಡುವಂತೆ ಎರಡು ಅಲ್ಯೂಮಿನಿಯಂ ತಗಡಿನ ನಡುವೆ ಹಗುರ ವಸ್ತು ಇಟ್ಟು ಅಂಟಿಸಿದರೆ ಹೇಗೆ ಅಂತ ಹೊರಟ. ಜೂಜಿನಲ್ಲಿ ಗೆದ್ದ ಆರು ಸಾವಿರ ಡಾಲರ್ ಬಂಡವಾಳ. ಮೊದಲ ಆರು ಜೊತೆಗಳನ್ನು ಸ್ಟೋದ ತರಬೇತುದಾರರ ಕೈಗೆ ಕೊಟ್ಟ, ಆರೂ ಮುರಿದವು. ಸರಿಪಡಿಸಿ ಕಳಿಸಿದ, ಮತ್ತೆ ಮುರಿದು ಕಳಿಸಿದರು. ಮೂರು ಚಳಿಗಾಲ ಇದೇ ವ್ಯವಹಾರ. ಒಳಗೆ ಪ್ಲೈವುಡ್ ಬಂತು, ಅಂಚಿಗೆ ಉಕ್ಕು ಬಂತು, ಅಡಿಗೆ ಪ್ಲಾಸ್ಟಿಕ್ ಬಂತು. 1950ರ ಹೊತ್ತಿಗೆ ಮುರಿಯದ ಸ್ಕೀ ತಯಾರಾಯಿತು.

ಮಾಮೂಲಿ ಜನಕ್ಕೆ ಅದು ವರ. ತಿರುಗಿಸಲು ಎಷ್ಟು ಸಲೀಸೆಂದರೆ ಹಳಬರು ಅದಕ್ಕೆ "ಮೋಸಗಾರ ಸ್ಕೀ" ಅಂತ ಅಡ್ಡಹೆಸರಿಟ್ಟರು. ಹತ್ತು ವರ್ಷ ಬೇಕಾಯಿತು ಚಾಂಪಿಯನ್ನುಗಳು ಒಪ್ಪಲು. 1960ರ ಸ್ಕ್ವಾ ವ್ಯಾಲಿ ಒಲಿಂಪಿಕ್ಸಿನಲ್ಲಿ ಫ್ರಾನ್ಸಿನ ಜೀನ್ ವುವಾರ್ನೆ ಲೋಹದ ಸ್ಕೀಯಲ್ಲಿ ಡೌನ್‌ಹಿಲ್ ಚಿನ್ನ ಗೆದ್ದ (ಸ್ಕೀ ಮಾತ್ರ ಹೆಡ್‌ನದಲ್ಲ, ರೋಸಿನ್ಯೋಲ್ ಕಂಪನಿಯದು). ಅಲ್ಲಿಂದ ಮರದ ಯುಗ ಮುಗಿಯಿತು. ಹೆಡ್ 1969ರಲ್ಲಿ ಕಂಪನಿ ಮಾರಿ, ಮುಂದೆ ಟೆನಿಸ್ ಕಲಿಯಲು ಹೋಗಿ, ಅಲ್ಲಿಯೂ ರಾಕೆಟ್ಟೇ ಸರಿಯಿಲ್ಲ ಅಂತ ದೊಡ್ಡ ತಲೆಯ ಪ್ರಿನ್ಸ್ ರಾಕೆಟ್ ಮಾಡಿದ. ಇಂಥವರೂ ಇರುತ್ತಾರೆ ನೋಡಿ.

ಇಷ್ಟಾದರೂ ಬೂಟು ಮಾತ್ರ ತೊಗಲಿನದೇ. ಹೊಸದರಲ್ಲಿ ಕಬ್ಬಿಣ, ಒಂದು ಸೀಸನ್ ಮುಗಿಯುವಷ್ಟರಲ್ಲಿ ಕೈಚೀಲ. 1950ರ ದಶಕದಲ್ಲಿ ಲೇಸಿನ ಬದಲು ಬಕಲ್ ಬಂತು. ಅಯೋವಾ ರಾಜ್ಯದ ಬಾಬ್ ಲ್ಯಾಂಗೆ ಪ್ಲಾಸ್ಟಿಕ್ ಬೂಟು ತಂದದ್ದು 1960ರ ದಶಕದಲ್ಲಿ. ಕೆನಡಾದ ನ್ಯಾನ್ಸಿ ಗ್ರೀನ್ 1968ರ ಗ್ರೆನೋಬಲ್ ಒಲಿಂಪಿಕ್ಸಿನಲ್ಲಿ ಅದನ್ನೇ ಹಾಕಿ ಜಯಂಟ್ ಸ್ಲಾಲಮ್ ಚಿನ್ನ ಗೆದ್ದ ಮೇಲೆ ಕೇಳಬೇಕೆ? ಎಲ್ಲರಿಗೂ ಅದೇ ಬೇಕು.

ನನ್ನ ಲೆಕ್ಕದಲ್ಲಿ ಈ ಇತಿಹಾಸದ ದೊಡ್ಡ ತಿರುವು ಇದೇ, ಹೆಡ್‌ನ ಲೋಹಕ್ಕಿಂತ ದೊಡ್ಡದು. ತೊಗಲು ಬೂಟು ನಾಲ್ಕು ದಿನ ಕಚ್ಚಿದರೂ ಐದನೇ ದಿನ ಪಾದಕ್ಕೆ ಶರಣಾಗುತ್ತಿತ್ತು. ಪ್ಲಾಸ್ಟಿಕ್ ಶರಣಾಗುವುದಿಲ್ಲ. ಮಂಡಿಯ ಒಂದು ಸಣ್ಣ ಅಲುಗಾಟವನ್ನೂ ನೇರ ಹಲಗೆಯ ಅಂಚಿಗೆ ತಲುಪಿಸುತ್ತದೆ, ಅದಕ್ಕೇ ರೇಸಿನವರಿಗೆ ಪ್ರಾಣ. ಆದರೆ ಅಚ್ಚಿನಲ್ಲಿ ಎರಕ ಹೊಯ್ದ ಆ ಚಿಪ್ಪು ಯಾರೋ ಒಬ್ಬನ ಪಾದದ ಅಳತೆಯದು. ನಿಮ್ಮ ಪಾದ ಹಾಗಿಲ್ಲದಿದ್ದರೆ ನೀವು ಅನುಭವಿಸಬೇಕು. ಮೊಣಕಾಲ ಕೆಳಗಿನ ಮೂಳೆಯ ಮೇಲೆ ಬೂಟಿನ ಬಾಯಿ ಬಡಿದು ಕಂದುವುದಕ್ಕೆ ಆ ಕಂಪನಿಯ ಹೆಸರನ್ನೇ ಸೇರಿಸಿ ಒಂದು ರೋಗದ ಹೆಸರು ಹುಟ್ಟಿತು. ಬೂಟನ್ನು ಕಾಯಿಸಿ, ಉಬ್ಬಿಸಿ, ಉಜ್ಜಿ ಪಾದಕ್ಕೆ ಹೊಂದಿಸುವುದೇ ಒಂದು ಕಸುಬಾಯಿತು. ಈಗಲೂ ಆಲ್ಪ್ಸ್‌ನ ಊರುಗಳಲ್ಲಿ ಒಳ್ಳೆ ಬೂಟು ಹೊಂದಿಸುವವರಿಗೆ ಒಳ್ಳೆ ಹಲ್ಲಿನ ಡಾಕ್ಟರಿಗಿರುವಷ್ಟು ಮರ್ಯಾದೆ.

ಕಣಕಾಲಿನ ಮುರಿತ ಕಡಿಮೆಯಾಯಿತು, ಗಟ್ಟಿ ಚಿಪ್ಪಿನೊಳಗೆ ಅದು ಭದ್ರ. ಆದರೆ ತಿರುಚುವ ಬಲ ಎಲ್ಲಿಗೆ ಹೋಗಬೇಕು? ಬೂಟಿನ ಬಾಯಿ ಮುಗಿಯುವಲ್ಲಿಗೆ. 1970ರ ಸುಮಾರಿಗೆ ಬೂಟು ಎತ್ತರವಾದಷ್ಟೂ ಆ ಅಂಚಿನಲ್ಲಿ ಮೊಳಕಾಲ ಮೂಳೆ ಮುರಿದುಕೊಂಡು ಬರುವವರು ಸಾಮಾನ್ಯರಾದರು. ಬಾಣಲೆಯಿಂದ ಬೆಂಕಿಗೆ.

ಆಗ ಬಂದವರು ವರ್ಮಾಂಟ್‌ನ ಮೂವರು: ಮೂಳೆ ಡಾಕ್ಟರ್ ರಾಬರ್ಟ್ ಜಾನ್ಸನ್, ಎಂಜಿನಿಯರ್ ಕಾರ್ಲ್ ಎಟ್ಲಿಂಗರ್, ಲೆಕ್ಕ ಹಾಕಲು ಜಾಸ್ಪರ್ ಶೀಲಿ. 1972ರ ಡಿಸೆಂಬರಿನಲ್ಲಿ ಒಂದು ಸ್ಕೀ ಗುಡ್ಡದ ಬುಡದ ಕ್ಲಿನಿಕ್ಕಿನಲ್ಲಿ ಕೂತರು. ಪೆಟ್ಟಾಗಿ ಬಂದವರ ಕಾಲನ್ನಷ್ಟೇ ಅಲ್ಲ, ಅವರ ಬೂಟು ಬೈಂಡಿಂಗನ್ನೂ ಪರೀಕ್ಷೆ ಮಾಡಿದರು. ಪೆಟ್ಟಾಗದವರ ಸಾಮಾನನ್ನೂ ತಂದು ಹೋಲಿಸಿ ನೋಡಿದರು. ಇದನ್ನು ದಶಕಗಟ್ಟಲೆ ಮಾಡಿದರು. ಕಾಲು ಮುರಿಯುವುದಕ್ಕೂ ಬೈಂಡಿಂಗ್ ಸರಿಯಾಗಿ ಕಳಚದಿರುವುದಕ್ಕೂ ಇರುವ ನಂಟು ಅಂಕಿಗಳಲ್ಲಿ ಎದ್ದು ಕಂಡಿತು.

ಅದೇ ಹೊತ್ತಿಗೆ ಜರ್ಮನಿಯವರು ಬೈಂಡಿಂಗಿನ ಬಿಗಿಗೆ ಒಂದೇ ಅಳತೆ ತಂದರು. ಅವರ ಮಾನಕ ಸಂಸ್ಥೆಯ ಹೆಸರಿನಲ್ಲೇ ಇವತ್ತಿಗೂ ಅದನ್ನು ಡಿನ್ ಅಂಕಿ ಅನ್ನುತ್ತಾರೆ. ನಿಮ್ಮ ತೂಕ, ಎತ್ತರ, ವಯಸ್ಸು, ಬೂಟಿನ ಅಟ್ಟೆಯ ಉದ್ದ, ನೀವು ಮೆಲ್ಲಗೆ ಹೋಗುವವರೋ ನುಗ್ಗುವವರೋ - ಈ ಐದನ್ನು ಪಟ್ಟಿಯಲ್ಲಿ ನೋಡಿ ಅಂಕಿ ತೆಗೆಯಬೇಕು. ಐವತ್ತು ತುಂಬಿದವರಿಗೂ ಹತ್ತರೊಳಗಿನ ಮಕ್ಕಳಿಗೂ ಒಂದು ಮೆಟ್ಟಿಲು ಕಡಿಮೆ. ಅಟ್ಟೆ ಉದ್ದವಾದಷ್ಟೂ ಅಂಕಿ ಇಳಿಯುತ್ತದೆ, ಯಾಕೆಂದರೆ ಸನ್ನೆಗೋಲು ಉದ್ದವಾಯಿತಲ್ಲ. ಈ ಅಂಕಿ ದೊಡ್ಡದಿದ್ದರೆ ತಾನು ದೊಡ್ಡ ಆಟಗಾರ ಅಂದುಕೊಳ್ಳುವ ಹುಡುಗರಿದ್ದಾರೆ. ಅದು ಶೌರ್ಯದ ಅಂಕಿಯಲ್ಲ, ನಿಮ್ಮ ಮೂಳೆ ಎಷ್ಟು ತಡೆದೀತು ಅನ್ನುವ ಅಂದಾಜು. 1970ರ ದಶಕದಿಂದ 90ರ ದಶಕದೊಳಗೆ ಮೊಳಕಾಲ ಮೂಳೆ ಮುರಿತ ಆ ಮೂವರ ಲೆಕ್ಕದಲ್ಲಿ ಶೇ. 80ಕ್ಕೂ ಹೆಚ್ಚು ಇಳಿಯಿತು. ಯಾವ ಚಾಂಪಿಯನ್ನನ ಸ್ಕೀಯೂ ಮಾಡದ ಕೆಲಸ ಇದು.

ಹಾಗಾಗಿ ನನ್ನನ್ನು ಕೇಳಿದವರಿಗೆ ನಾನು ಹೇಳುವ ಕ್ರಮ: ಮೊದಲು ಬೂಟು, ಆಮೇಲೆ ಬೈಂಡಿಂಗಿನ ಅಂಕಿ, ಕೊನೆಗೆ ಹಲಗೆ. ಬೂಟಿನ ನಂಬರು ಸೆಂಟಿಮೀಟರಿನಲ್ಲಿ ಇರುತ್ತದೆ, 26.5 ಅಂದರೆ ಪಾದದ ಉದ್ದ. ಒಳಗಿನ ಮೆತ್ತೆ ತೆಗೆದು ಬರೀ ಚಿಪ್ಪಿನಲ್ಲಿ ಕಾಲಿಟ್ಟು, ಬೆರಳು ಮುಂದಕ್ಕೆ ತಾಗಿಸಿ ನಿಂತರೆ ಹಿಮ್ಮಡಿಯ ಹಿಂದೆ ಒಂದರಿಂದ ಎರಡು ಬೆರಳಿನ ಜಾಗ ಇರಬೇಕು. ಮೂರು ಬೆರಳು ಹಿಡಿಸಿದರೆ ಅದು ನಿಮ್ಮ ಬೂಟಲ್ಲ, ಎಷ್ಟೇ ಹಾಯೆನಿಸಲಿ. ಮೆತ್ತೆ ಹಾಕಿ ನೆಟ್ಟಗೆ ನಿಂತಾಗ ಬೆರಳು ತುಸು ಮುಟ್ಟಬೇಕು, ಮಂಡಿ ಬಗ್ಗಿಸಿದಾಗ ಹಿಂದೆ ಸರಿಯಬೇಕು. ಹಿಮ್ಮಡಿ ಎದ್ದೇಳಬಾರದು. ಒಂದೇ ತೆಳು ಕಾಲುಚೀಲ. ಚಳಿ ಅಂತ ನಾವು ಎರಡೆರಡು ಉಣ್ಣೆಯದು ಏರಿಸುತ್ತೇವಲ್ಲ, ಅದರಿಂದ ರಕ್ತ ಓಡದೆ ಇನ್ನೂ ಚಳಿ. ಚಪ್ಪಲಿಯಲ್ಲೇ ಬೆಳೆದ ನಮ್ಮ ಪಾದ ಮುಂಭಾಗದಲ್ಲಿ ಅಗಲ, ಆದ್ದರಿಂದ ಉದ್ದ ದೊಡ್ಡದು ತೆಗೆದುಕೊಳ್ಳುವ ಬದಲು 102 ಮಿಲಿಮೀಟರಿನ ಹತ್ತಿರದ ಅಗಲದ ಅಚ್ಚು ಕೇಳುವುದು ವಾಸಿ. ಬೂಟಿನ ಬಿಗುವಿಗೂ 70, 100, 130 ಅಂತ ಅಂಕಿ ಇದೆ, ಆದರೆ ಅದಕ್ಕೆ ಮಾನಕವಿಲ್ಲ. ಒಬ್ಬರ 100 ಇನ್ನೊಬ್ಬರ 80 ಆಗಿರಬಹುದು. ಅಂಗಡಿಯ ಬೆಚ್ಚಗಿನಲ್ಲಿ ಬಗ್ಗಿದ ಪ್ಲಾಸ್ಟಿಕ್ ಹೊರಗಿನ ಚಳಿಗೆ ಇನ್ನಷ್ಟು ಗಟ್ಟಿಯಾಗುತ್ತದೆ ಅನ್ನುವುದೂ ನೆನಪಿರಲಿ.

ಗುಲ್ಮರ್ಗಿನಲ್ಲಿ ಸ್ಕೀ ಹೊಸದೇನಲ್ಲ, ಬ್ರಿಟಿಷರು ಅಲ್ಲಿ ಸ್ಕೀ ಕ್ಲಬ್ ಆಫ್ ಇಂಡಿಯಾ ಕಟ್ಟಿದ್ದು 1927ರಲ್ಲಿ. ಅದೇ ನೆಲದ ಆರಿಫ್ ಖಾನ್ 2022ರ ಬೀಜಿಂಗ್ ಒಲಿಂಪಿಕ್ಸಿನ ಜಯಂಟ್ ಸ್ಲಾಲಮ್‌ನಲ್ಲಿ 45ನೆಯವನಾಗಿ ಮುಗಿಸಿದ. ಬಾಡಿಗೆ ಅಂಗಡಿ ಗುಲ್ಮರ್ಗಿನದಿರಲಿ, ಸ್ವಿಟ್ಜರ್ಲೆಂಡಿನದಿರಲಿ, ಸ್ಕ್ರೂಡ್ರೈವರ್ ಹಿಡಿದವನು ನಿಮ್ಮ ತೂಕ ವಯಸ್ಸು ಕೇಳದೆ ತಿರುಪು ತಿರುಗಿಸಿದರೆ ನೀವೇ ಹೇಳಿ, ಸಂಕೋಚ ಬೇಡ. ಅಟ್ಟೆಯ ಉದ್ದ ಬೂಟಿನ ಹಿಮ್ಮಡಿಯ ಪಕ್ಕದಲ್ಲೇ ಮಿಲಿಮೀಟರಿನಲ್ಲಿ ಅಚ್ಚಾಗಿರುತ್ತದೆ. ಅಟ್ಟೆ ಸವೆದಿದ್ದರೆ, ಚಿಪ್ಪು ಬಿರುಕು ಬಿಟ್ಟಿದ್ದರೆ ಬೇರೆ ಕೇಳಿ. ಹಳೆ ಪ್ಲಾಸ್ಟಿಕ್ ಹೇಳದೆ ಕೇಳದೆ ಒಡೆಯುತ್ತದೆ. ಅಟ್ಟೆಗಳಲ್ಲಿ ಈಗ ಹಲವು ಬಗೆ ಬಂದಿವೆ, ಎಲ್ಲವೂ ಎಲ್ಲ ಬೈಂಡಿಂಗಿಗೂ ಸಲ್ಲುವುದಿಲ್ಲ.

ಹಲಗೆಯ ಕತೆ ಬೇಗ ಮುಗಿಸುತ್ತೇನೆ. ಕೈ ಮೇಲೆತ್ತಿದರೆ ಮಣಿಕಟ್ಟು ಮುಟ್ಟಬೇಕು ಅನ್ನುವ ಹಳೆ ಅಳತೆ ದಶಕಗಟ್ಟಲೆ ಚಾಲ್ತಿಯಲ್ಲಿತ್ತು. 1980ರ ದಶಕದಲ್ಲೂ ಗಂಡಸರು ಎರಡು ಮೀಟರಿನ ಹಲಗೆ ಹೊರುತ್ತಿದ್ದರು. 1990ರ ದಶಕದ ಮೊದಲಲ್ಲಿ ಸ್ಲೊವೇನಿಯಾದ ಎಲಾನ್ ಕಂಪನಿಯ ಯೂರಿ ಫ್ರಾಂಕೋ ಮತ್ತು ಜೊತೆಗಾರರು ಹಲಗೆಯ ಸೊಂಟವನ್ನು ಇನ್ನೂ ಆಳಕ್ಕೆ ಕೊರೆದರು. ನೂರ್‌ಹೈಮ್ ಮಾಡಿದ್ದನ್ನೇ ಧೈರ್ಯವಾಗಿ ಮುಂದುವರಿಸಿದ್ದು ಅನ್ನಿ. ಹಲಗೆ ವಾಲಿಸಿದರೆ ತಾನೇ ತಿರುಗತೊಡಗಿತು, ಉದ್ದ ಗದ್ದದಿಂದ ಹಣೆಯೊಳಗೆ ಬಂದು ನಿಂತಿತು. ಕಲಿಯುವವರಿಗೆ ಗದ್ದದ ಮಟ್ಟ ಸಾಕು. ಸಾಪು ಮಾಡಿದ ಇಳಿಜಾರಿಗೆ ಸೊಂಟದ ಅಗಲ 70ರಿಂದ 85 ಮಿಲಿಮೀಟರ್. ಗುಲ್ಮರ್ಗಿನ ಮೇಲಿನ ಹೂಹಿಮಕ್ಕೆ ನೂರರ ಹತ್ತಿರ ಬೇಕು, ಆದರೆ ಅಲ್ಲಿಗೆ ಹೋಗುವವರು ನನ್ನನ್ನು ಕೇಳುವುದಿಲ್ಲ.

ಉಳಿದದ್ದು ಮಂಡಿ. ಮೊಳಕಾಲ ಮುರಿತ ಇಳಿಯುತ್ತಿದ್ದ ಅದೇ ವರ್ಷಗಳಲ್ಲಿ ಮಂಡಿಯೊಳಗಿನ ಎ.ಸಿ.ಎಲ್. ಎಂಬ ಅಸ್ಥಿರಜ್ಜು ಹರಿದುಕೊಂಡವರ ಪ್ರಮಾಣ ವರ್ಮಾಂಟ್‌ನ ಲೆಕ್ಕದಲ್ಲಿ ದುಪ್ಪಟ್ಟಿಗಿಂತ ಹೆಚ್ಚಾಯಿತು. ಕ್ರಿಕೆಟಿಗರಿಗೆ ಆಗುತ್ತದಲ್ಲ, ಅದೇ. ಬೈಂಡಿಂಗಿಗೆ ಗೊತ್ತಾಗುವುದು ಬೆರಳ ಬಳಿಯ ತಿರುಚು, ಹಿಮ್ಮಡಿಯ ಮೇಲೆಳೆತ, ಎರಡೇ. ಮಂಡಿಯೊಳಗೆ ಏನಾಗುತ್ತಿದೆ ಅದಕ್ಕೆ ತಿಳಿಯದು. ಬಿದ್ದವರ ವಿಡಿಯೋಗಳನ್ನು ಕೂತು ನೋಡಿದ ಎಟ್ಲಿಂಗರ್ ಮತ್ತು ಜೊತೆಗಾರರು ಒಂದು ನಮೂನೆ ಹಿಡಿದರು. ಆಟಗಾರ ಹಿಂದಕ್ಕೆ ವಾಲಿ ಕುಕ್ಕರಿಸುತ್ತಾನೆ, ಸೊಂಟ ಮಂಡಿಗಿಂತ ಕೆಳಗೆ, ಭಾರವೆಲ್ಲ ಒಂದೇ ಹಲಗೆಯ ಬಾಲದ ಒಳ ಅಂಚಿನ ಮೇಲೆ. ಆ ಬಾಲ ಹಿಂದಕ್ಕೆ ಮುಖ ಮಾಡಿದ ಇನ್ನೊಂದು ಪಾದದಂತೆ ಮಂಡಿಯನ್ನು ತಿರುಚುತ್ತದೆ. ಅದಕ್ಕೆ ಭೂತಪಾದ ಅಂತಲೇ ಹೆಸರಿಟ್ಟು 1995ರಲ್ಲಿ ಪ್ರಕಟಿಸಿದರು. ಸ್ಕೀ ತಾಣಗಳ ಸಿಬ್ಬಂದಿಗೆ ಈ ವಿಡಿಯೋ ತೋರಿಸಿ ತರಬೇತಿ ಕೊಟ್ಟಾಗ ಗಂಭೀರ ಮಂಡಿ ಪೆಟ್ಟು ಶೇ. 62ರಷ್ಟು ಇಳಿಯಿತು. ಯಾವ ಸಾಮಾನೂ ಬದಲಾಗಿರಲಿಲ್ಲ.

ಆ ಮೇಲೂ ಮಂಡಿ ಉಳಿಸುವ ಬೈಂಡಿಂಗುಗಳು ಒಂದೆರಡು ಬಂದವು, ಪೂರ್ತಿ ಮದ್ದು ಇವತ್ತಿಗೂ ಸಿಕ್ಕಿಲ್ಲ. ಅವರು ಆಗ ಕಲಿಸಿದ್ದು ಇಷ್ಟು: ತೋಳು ಮುಂದಿರಲಿ, ಪಾದಗಳು ಜೊತೆಗಿರಲಿ, ಕೈ ಹಲಗೆಯ ಮೇಲಕ್ಕೆ ಬರಲಿ. ಬೀಳುವುದು ಖಚಿತವಾದರೆ ಬಿದ್ದುಬಿಡಿ, ಕೈ ಹಿಂದಕ್ಕೆ ಊರಬೇಡಿ, ಕಾಲು ನೆಟ್ಟಗೆ ಚಾಚಬೇಡಿ. ಜಾರುವುದು ಪೂರ್ತಿ ನಿಲ್ಲುವ ತನಕ ಏಳಬೇಡಿ.